ಮೂರು ಅಕಾರಕ್ಕೆ ಒಂದು ಬಿಲ್ಲು

ತಿಬಿಲಿಸಿಯಲ್ಲಿ ದುಡ್ಡಿಗೆ ಲಾರಿ ಎನ್ನುತ್ತಾರೆ.
ದಾರೇಜಾನಳ ಪಾಲಿಗೆ ಅದು ನಮ್ಮ ಲಾರಿಯೇ:
ಬರುತ್ತೇನೆಂದ ದಿನ ಬರುವುದಿಲ್ಲ,
ಬಂದರೂ ಅರ್ಧ ಲೋಡು,
ನಡುದಾರಿಯಲ್ಲಿ ಯಾರೋ ಇಳಿಸಿಕೊಂಡಿರುತ್ತಾರೆ.

ಜಾಹೀರಾತು ಕಂಪನಿಯ ಕುರ್ಚಿ ಬಿಟ್ಟ ಮೊದಲ ವರ್ಷ
ಲೆಕ್ಕದ ಪುಸ್ತಕ ಹೀಗಿತ್ತು:
ವೈನಿನ ಲೇಬಲ್ಲಿಗೆ ಚಿಕ್ಕಪ್ಪನಿಂದ
ಇಪ್ಪತ್ತು ಲೀಟರ್ ವೈನು, ಹುಳಿ.
ದಂತವೈದ್ಯರ ಬೋರ್ಡಿಗೆ ಎರಡು ಹಲ್ಲಿನ ಮಾತು,
ತುಂಬಿದ್ದು ಒಂದು, ಎಡದವಡೆ,
ಇನ್ನೊಂದು ಬಾಕಿ.
ಮೆನು ಬರೆಸಿಕೊಂಡ ಹೋಟೆಲಿನವ
ನಿನಗೆ ಹೆಸರು ಬರುತ್ತದೆ ಎಂದ.
ನಮ್ಮ ಭಾಷೆಯಲ್ಲಾದರೆ ಹೆಸರನ್ನು ನೆನೆಹಾಕಿ
ಕೋಸಂಬರಿಯಾದರೂ ಮಾಡಬಹುದಿತ್ತು.
ಅವಳ ಭಾಷೆಯಲ್ಲಿ ಹೆಸರು ಬರೀ ಹೆಸರು.

ಮೊತ್ತ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು
ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.
ಫ್ರಿಜ್ಜಿನ ಮುಂದೆ ನಿಂತು ಅಭ್ಯಾಸ ಮಾಡಿದಳು:
ಒಂಬೈನೂರು.
ಫ್ರಿಜ್ಜು ಗೊರಗುಟ್ಟಿತು.
ಏಳುನೂರಾದರೂ ಪರವಾಗಿಲ್ಲ,
ಎಂದುಬಿಟ್ಟಳು ಫ್ರಿಜ್ಜಿಗೆ.

ಹೀಗೇ ಆರು ವರ್ಷ.

ಕೆಳಮನೆಯ ಓತಾರ್ ಮರದ ಮೆಟ್ಟಿಲು ಹತ್ತಿ ಬಂದದ್ದು ಫೆಬ್ರವರಿಯಲ್ಲಿ.
ಕೈಯಲ್ಲಿ ಟೋಪಿ, ಟೋಪಿಯೊಳಗೆ ಚೀಟಿ,
ಚೀಟಿಯಲ್ಲಿ ಹೆಂಡತಿಯ ಹೆಸರು: ಲಮಾರಾ.
ಗೋರಿಕಲ್ಲಿಗೆ ಅಕ್ಷರ ಬೇಕು.
ಕಲ್ಲುಕುಟಿಗನ ಹತ್ತಿರ ಇರುವುದು ಬ್ಯಾಂಕಿನ ಅಕ್ಷರ, ಎಂದ,
ಅವಳು ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ.

ಆ ಲಿಪಿಯೂ ನಮ್ಮದರ ಹಾಗೆ ದುಂಡು,
ತಲೆಕಟ್ಟು ಮಾತ್ರ ಇಲ್ಲ.
ಅಲ್ಲಿ ಸ್ವರಗಳು ವ್ಯಂಜನದ ಕೊರಳಿಗೆ ಜೋತುಬೀಳುವುದಿಲ್ಲ,
ಪಕ್ಕದಲ್ಲಿ, ತಮ್ಮ ಕಾಲ ಮೇಲೆ ತಾವು ನಿಲ್ಲುತ್ತವೆ.
ಲಮಾರಾ ಎಂದು ಬರೆದರೆ ಆರು ಅಕ್ಷರ,
ಅದರಲ್ಲಿ ಅಕಾರವೇ ಮೂರು.

ಒಂದನ್ನು ಬರೆದು ಎರಡು ಸಲ ಅಂಟಿಸಿದರೆ ಮುಗಿಯಿತು,
ಎಷ್ಟೋ ಬೋರ್ಡುಗಳಿಗೆ ಅವಳು ಮಾಡಿದ್ದೇ ಅದು.
ಆದರೆ ಕಲ್ಲಿಗೆ ಕಂಟ್ರೋಲ್ ಝಡ್ ಇಲ್ಲ.
ಓತಾರನಿಂದ ಹಳೆಯ ಸಾಮಾನು ಪಟ್ಟಿಗಳನ್ನು ಕೇಳಿ ತಂದಳು:
ಉಪ್ಪು, ಸೀಮೆಸುಣ್ಣ, ವಾಲ್ನಟ್ಟು, ನಿನ್ನ ಮಾತ್ರೆ.
ಲಮಾರಾಳ ಕೈಯಲ್ಲಿ ಅಕಾರ
ಪದದ ಮೊದಲಲ್ಲಿ ನೆಟ್ಟಗೆ,
ನಡುವೆ ಅವಸರ,
ಕೊನೆಯಲ್ಲಿ ಬಾಲ ಎಳೆದುಕೊಂಡು ಪಟ್ಟಿಯ ಅಂಚಿಗೆ ಹೋಗುತ್ತಿತ್ತು,
ಬಾಗಿಲಲ್ಲಿ ನಿಂತು ಇನ್ನೂ ಮಾತಾಡುವವರ ಹಾಗೆ.

ಹನ್ನೊಂದು ರಾತ್ರಿ.
ಬಿಲ್ಲಿನಲ್ಲಿ ಸೊನ್ನೆ ಬರೆದು ಕಳಿಸಿದಳು.

ಬೆಳಗಾಗುವುದರೊಳಗೆ ಓತಾರ್ ಬಾಗಿಲಲ್ಲಿ.
ಸೊನ್ನೆಯೇ?
ನಲವತ್ತು ವರ್ಷ ಸೊಪ್ಪಿನವರ ಜೊತೆ ಗುದ್ದಾಡಿದವಳಿಗೆ
ಪುಕ್ಕಟೆ ಅಕ್ಷರವೇ?
ಏನಾದರೂ ಹೇಳು.
ಅವಳ ಪರವಾಗಿ ನಾನು ಚೌಕಾಸಿ ಮಾಡಬೇಕು.

ಒಂಬೈನೂರು, ಎಂದಳು ದಾರೇಜಾನ್.
ಬಾಯಿ ಮುಚ್ಚಿದಳು.
ಅಂಗಳದಲ್ಲಿ ಯಾರೋ ಜಮಖಾನ ಬಡಿಯುತ್ತಿದ್ದರು.

ಆರರಲ್ಲಿ ಮೂರು ಒಂದೇ ಅಕ್ಷರ, ಎಂದ ಓತಾರ್,
ಒಂದರ ದುಡ್ಡು ತಗೋ. ಆರುನೂರು.

ಒಂದೇ ಅಲ್ಲ,
ಎಂದು ಹಾಳೆಯನ್ನು ಕಿಟಕಿಗೆ ಹಿಡಿದಳು.

ಅವನು ಕನ್ನಡಕ ಒರೆಸಿದ. ಮತ್ತೆ ಒರೆಸಿದ.
ಮೂರನೆಯದರ ಬಾಲದ ಮೇಲೆ ಬೆರಳಿಟ್ಟು
ಏನೋ ಹೇಳಹೊರಟ.
ಜಮಖಾನದ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಎಂಟುನೂರೈವತ್ತು, ಎಂದ ಕೊನೆಗೆ.
ಐವತ್ತಾದರೂ ಇಳಿಸದೆ
ಮನೆಗೆ ಹೋಗಿ ಏನು ಹೇಳಲಿ?

ಹೊಸ ಬಿಲ್ಲು ಬರೆದಳು.
ರಿಯಾಯಿತಿ: ಐವತ್ತು.
ಕಾರಣದ ಜಾಗ ಖಾಲಿ ಬಿಟ್ಟಳು,
ತೆರಿಗೆಯವರು ಕೇಳಿದರೆ ಕೇಳಲಿ.